ಬಿತ್ತುವ ಹೊತ್ತಿಗೆ ಕಾಸು ಕೊಡೋರು ಯಾರು?



ನಾವು ಬೆಳೆದದ್ದಕ್ಕೆ ಬೆಲೆ ಎಲ್ಲಿ ತೀರ್ಮಾನವಾಗುತ್ತದೆ ಎಂದು ಯಾರನ್ನು ಕೇಳಿದರೂ ಮಾರುಕಟ್ಟೆಯಲ್ಲಿ ಅಂತಾರೆ. ಸ್ವಲ್ಪ ಯೋಚನೆ ಮಾಡಿ ನೋಡಿ. ಮುಂಗಾರಿನ ಮೊದಲ ಹದ ಬಿದ್ದ ದಿನ ಬೀಜಕ್ಕೆ, ಗೊಬ್ಬರಕ್ಕೆ, ಕೂಲಿಗೆ ಕೈಯಲ್ಲಿ ಕಾಸಿಲ್ಲದೆ ಯಾರ ಬಾಗಿಲಲ್ಲಿ ಹೋಗಿ ನಿಂತೆವೋ, ಅವತ್ತೇ ಅರ್ಧ ಬೆಲೆ ತೀರ್ಮಾನವಾಗಿ ಹೋಯಿತು. ಮಂಡಿಯವನು ಮುಂಗಡ ಕೊಟ್ಟರೆ ಮಾಲು ಅವನ ಮಂಡಿಗೇ ಹೋಗಬೇಕು, ಅವನು ಹೇಳಿದ ರೇಟಿಗೇ ಬಿಡಬೇಕು. ಗೊಬ್ಬರದಂಗಡಿಯವನು ಉದ್ದರಿ ಕೊಟ್ಟರೆ ಯಾವ ಔಷಧಿ ಹೊಡೆಯಬೇಕು ಅನ್ನೋದನ್ನೂ ಅವನೇ ಹೇಳುತ್ತಾನೆ. ಬ್ಯಾಂಕಿನ ಕಂತು ಸುಗ್ಗಿಯ ಹೊತ್ತಿಗೆ ಸರಿಯಾಗಿ ಬಂದು ಕೂತಿರುತ್ತದೆ. ಹದಿನೈದು ದಿನ ಕಾದರೆ ರೇಟು ಏರಬಹುದು ಅಂತ ಗೊತ್ತಿದ್ದರೂ ಕಾಯುವ ಶಕ್ತಿ ನಮಗಿಲ್ಲ. ಬಿತ್ತುವಾಗ ದುಡ್ಡು ಕೊಟ್ಟವನೇ ಕೊಯ್ಯುವಾಗ ಬೆಲೆ ಕಟ್ಟುತ್ತಾನೆ. ಇದು ನಮ್ಮ ಸಾಲದ ಬೇರು.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದ ರೈತ ಅಂದರೆ ಸಾವಿರಾರು ಎಕರೆ, ದೊಡ್ಡ ದೊಡ್ಡ ಯಂತ್ರ, ಅವನಿಗೇನು ಕೊರತೆ ಅಂದುಕೊಳ್ಳುತ್ತೇವೆ. 1970ರ ದಶಕದಲ್ಲಿ ಆ ದೇಶದ ರೈತನಿಗೆ ಸಾಲ ಮಾಡು, ಜಮೀನು ಹಿಗ್ಗಿಸು ಎಂಬ ಉಪದೇಶ ಧಾರಾಳವಾಗಿ ಸಿಕ್ಕಿತು. 1980ರ ಡಿಸೆಂಬರಿನಲ್ಲಿ ಅಲ್ಲಿನ ಬ್ಯಾಂಕುಗಳ ಮೂಲ ಬಡ್ಡಿ ದರ ಶೇಕಡ 21.5ಕ್ಕೆ ಏರಿತು. ಬೆಳೆಯ ಬೆಲೆ ಬಿತ್ತು, ಅದರ ಹಿಂದೆಯೇ ಜಮೀನಿನ ಬೆಲೆಯೂ ಬಿತ್ತು. ಹೊಲ, ಮನೆ, ಟ್ರ್ಯಾಕ್ಟರು ಹರಾಜಿಗೆ ಬಂದವು. 1985ರ ಸೆಪ್ಟೆಂಬರಿನಲ್ಲಿ ಹಾಡುಗಾರರು ಇಲಿನಾಯ್ ರಾಜ್ಯದಲ್ಲಿ 'ಫಾರ್ಮ್ ಏಡ್' ಎಂಬ ಸಂಗೀತ ಕಛೇರಿ ನಡೆಸಿ ರೈತರಿಗಾಗಿ ಹಣ ಕೂಡಿಸಬೇಕಾಯಿತು. ಜಪ್ತಿಗೆ ದೇಶ ಭಾಷೆಯ ಭೇದವಿಲ್ಲ.

ಅದೇ 1985ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಈಗ್ರಿಮಾಂಟ್ ಎಂಬ ಊರಿನ ಇಂಡಿಯನ್ ಲೈನ್ ಫಾರ್ಮ್ ಎಂಬ ಸಣ್ಣ ತೋಟದಲ್ಲಿ ಬೇರೊಂದು ಲೆಕ್ಕಾಚಾರ ಶುರುವಾಯಿತು. ರಾಬಿನ್ ವ್ಯಾನ್ ಎನ್ ಎಂಬ ಹೆಣ್ಣುಮಗಳು, ಸ್ವಿಟ್ಜರ್ಲೆಂಡಿನಲ್ಲಿ ಇಂಥದ್ದನ್ನು ನೋಡಿ ಬಂದಿದ್ದ ಯಾನ್ ವಾಂಡರ್ ಟ್ಯೂನ್ ಎಂಬುವರು, ಇನ್ನೂ ಕೆಲವರು ಕೂತು ಮಾತಾಡಿದರು. ಮೊದಲು ಸೇಬಿನ ಬೆಳೆಯನ್ನು ಪಾಲು ಮಾಡಿ ಹಂಚಿ ನೋಡಿದರು. 1986ರಲ್ಲಿ ತರಕಾರಿಗೆ ಕೈ ಹಾಕಿದರು. ತಿನ್ನುವ ಮನೆಯವರು ಬಿತ್ತನೆಗೆ ಮುಂಚೆಯೇ ಪಾಲಿನ ಹಣ ಕೊಡೋದು, ಬೆಳೆ ಬಂದ ಮೇಲೆ ವಾರ ವಾರ ಪಾಲು ತಗೊಳ್ಳೋದು, ಇಷ್ಟೇ ವಿಷಯ. ಅದೇ ವರ್ಷ ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಟೆಂಪಲ್-ವಿಲ್ಟನ್ ಎಂಬ ತೋಟವೂ ಹೀಗೇ ಹೊರಟಿತು. ಜಪಾನಿನಲ್ಲಿ ಇದಕ್ಕೂ ಮುಂಚೆ, 1970ರ ದಶಕದಲ್ಲೇ, ವಿಷ ಹೊಡೆಯದ ಬೆಳೆ ಬೇಕು ಎಂದ ಪಟ್ಟಣದ ಗೃಹಿಣಿಯರು ನೇರವಾಗಿ ರೈತರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅದಕ್ಕೆ ಅವರು 'ತೇಯ್ಕೇಯ್' ಅನ್ನುತ್ತಾರೆ, ಕೈ ಜೋಡಿಸೋದು ಎಂಬ ಅರ್ಥ. 1978ರಲ್ಲಿ ಅಲ್ಲಿನ ಸಾವಯವ ಕೃಷಿ ಸಂಘ ಇದಕ್ಕೆ ಹತ್ತು ಸೂತ್ರ ಬರೆಯಿತು. ಬೆಲೆಯನ್ನು ಇಬ್ಬರೂ ಕೂತು ಒಪ್ಪಬೇಕು, ಬೆಳೆದದ್ದನ್ನೆಲ್ಲ ತಿನ್ನುವವರು ತಗೊಳ್ಳಬೇಕು ಎಂಬುವು ಅದರಲ್ಲಿ ಸೇರಿವೆ.

ಈ ವ್ಯವಸ್ಥೆಯ ಮರ್ಮ ತಿಳಿಯಬೇಕಾದರೆ ಅಲ್ಲಿನ ವಸಂತ ಹೇಗಿರುತ್ತದೆ ಎಂದು ತಿಳಿಯಬೇಕು. ನಮ್ಮಲ್ಲಿ ಬೇವು ಹೂ ಬಿಟ್ಟು ಯುಗಾದಿ ಬರುವ ಮಾರ್ಚಿಯಲ್ಲಿ ಅಲ್ಲಿ ಹೊಲದ ಮೇಲೆ ಇನ್ನೂ ಹಿಮ ಇರುತ್ತದೆ. ತರಕಾರಿ ಬೆಳೆಯುವವನು ಆಗಲೇ ಪಾಲಿಥಿನ್ ಹೊದಿಸಿದ ಸಸಿಮನೆಯಲ್ಲಿ ಈರುಳ್ಳಿ ಒಟ್ಲು ಹಾಕಬೇಕು, ಆಮೇಲೆ ಕೋಸು, ಟೊಮ್ಯಾಟೊ, ಮೆಣಸು. ರಾತ್ರಿ ಸಸಿ ಬೆಚ್ಚಗಿರಬೇಕಾದರೆ ಒಲೆ ಉರಿಯಲೇಬೇಕು. ಏಪ್ರಿಲಿನಲ್ಲಿ ಹಿಮ ಕರಗಿ ನೆಲವೆಲ್ಲ ಕೆಸರು. ಹಸಿ ನೆಲಕ್ಕೆ ಟ್ರ್ಯಾಕ್ಟರು ಇಳಿಸಿದರೆ ಆ ವರ್ಷ ಪೂರ್ತಿ ಹೆಂಟೆಯ ಜೊತೆ ಗುದ್ದಾಡಬೇಕು. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಒತ್ತಿದರೆ ಪುಡಿಯಾಗುವವರೆಗೂ ಕಾಯಬೇಕು. ಹದ ನೋಡುವ ಆ ವಿದ್ಯೆ ನಮಗೆ ಹೊಸದಲ್ಲ. ಚಳಿಗೆ ನೆಲ ಹೆಪ್ಪುಗಟ್ಟಿ ಕರಗುವಾಗ ಅಡಿಯ ಕಲ್ಲು ಮೇಲಕ್ಕೇಳುತ್ತದೆ, ವರ್ಷ ವರ್ಷವೂ ಕಲ್ಲು ಆಯಬೇಕು. ಆಮೇಲೆ ಕಾಂಪೋಸ್ಟ್ ಹರಡಬೇಕು. ಹಿಂದಿನ ವರ್ಷ ಬಿತ್ತಿದ ಕ್ಲೋವರ್ ಎಂಬ ದ್ವಿದಳದ ಹಸಿರನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಯೂರಿಯಾ ಹಾಕದ ತೋಟಕ್ಕೆ, ನಮ್ಮ ಸೆಣಬಿನ ಹಾಗೆ, ಸಾರಜನಕ ಕೂಡಿಸಿಕೊಡೋದು ಅದೇ.

ಮೊದಲು ಬಟಾಣಿ, ಪಾಲಕ್ ಬಿತ್ತುತ್ತಾರೆ. ಟೊಮ್ಯಾಟೊ ಸಸಿಯನ್ನು ಮೇ ಕೊನೆಯ ತನಕ ಹೊರಗೆ ನೆಡುವಂತಿಲ್ಲ, ಒಂದು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬಂದರೆ ಎಲ್ಲ ಕರಕಲು. ಮೊದಲ ಬುಟ್ಟಿ ಸೊಪ್ಪು ಮನೆಗಳಿಗೆ ಹೋಗೋದು ಜೂನಿನಲ್ಲಿ. ಫೆಬ್ರವರಿಯಿಂದ ಜೂನಿನ ತನಕ ಲೆಕ್ಕ ಹಾಕಿ. ಬೀಜ, ಸೌದೆ, ಡೀಸೆಲು, ಕೂಲಿ, ರಿಪೇರಿ, ಎಲ್ಲ ಹೋಗೋದೇ. ಬರೋದು ಒಂದು ಕಾಸಿಲ್ಲ. ನೋಡುವವರಿಗೆ ವಸಂತ ಹೂವಿನ ಕಾಲ, ರೈತನಿಗೆ ಅದು ಸಾಲದ ಕಾಲ.

ಆ ಐದು ತಿಂಗಳ ಖರ್ಚನ್ನು ಇಂಥ ತೋಟಗಳಲ್ಲಿ ಸಾಹುಕಾರನ ಬದಲು ಉಣ್ಣುವವರು ಹೊರುತ್ತಾರೆ, ಅದೂ ಬಡ್ಡಿಯಿಲ್ಲದೆ. ಲೆಕ್ಕ ಸುಲಭವಾಗಲಿ ಅಂತ ಹೇಳುತ್ತೇನೆ. ವರ್ಷದ ಒಟ್ಟು ಖರ್ಚು 10 ಲಕ್ಷ ರೂಪಾಯಿ, ಪಾಲುದಾರ ಮನೆಗಳು 100 ಅಂದರೆ ಪಾಲು 10 ಸಾವಿರ. ಕೆಲವರು ಒಟ್ಟಿಗೇ ಕೊಡುತ್ತಾರೆ, ಕೆಲವರು ಕಂತಿನಲ್ಲಿ. ಟೆಂಪಲ್-ವಿಲ್ಟನ್ ತೋಟದ ರೀತಿ ಇನ್ನೂ ಗಮನಿಸುವಂಥದ್ದು. ಅಲ್ಲಿ ವರ್ಷಕ್ಕೊಮ್ಮೆ ಸಭೆ ಸೇರುತ್ತಾರೆ. ರೈತರು ಖರ್ಚಿನ ಪಟ್ಟಿಯನ್ನು ಎಲ್ಲರ ಮುಂದೆ ಇಡುತ್ತಾರೆ. ಪ್ರತಿ ಮನೆಯೂ ತನ್ನ ಶಕ್ತಿಯಿದ್ದಷ್ಟು ಬರೆದುಕೊಡುತ್ತದೆ, ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ. ಮೊತ್ತ ಕೂಡದಿದ್ದರೆ ಮತ್ತೊಂದು ಸುತ್ತು. ಬೆಲೆ ಹುಟ್ಟೋದು ರೈತನ ಖರ್ಚಿನ ಪಟ್ಟಿಯಿಂದ, ದಲ್ಲಾಳಿಯ ಟವೆಲಿನ ಕೆಳಗಿನ ಬೆರಳಿನಿಂದ ಅಲ್ಲ.

ನಷ್ಟವಾದರೆ? ನಷ್ಟದಲ್ಲೂ ಪಾಲು. 2023ರ ಮೇ 18ರ ಬೆಳಗಿನ ಜಾವ ಆ ಸೀಮೆಯಲ್ಲಿ ಅಕಾಲದ ಚಳಿ ಬಿದ್ದು ಸೇಬು, ದ್ರಾಕ್ಷಿಯ ಎಳೆ ಹೂ ಕಾಯಿ ಸುಟ್ಟುಹೋದವು. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ನೆರೆ ಹೊಳೆಯ ದಡದ ಹೊಲಗಳಿಗೆ ನುಗ್ಗಿತು. ಮಾರುಕಟ್ಟೆಯನ್ನೇ ನಂಬಿದ ರೈತ ಇಂಥ ದಿನ ಒಬ್ಬನೇ ತಲೆ ಮೇಲೆ ಕೈ ಹೊತ್ತು ಕೂರಬೇಕು. ಪಾಲಿನ ತೋಟದಲ್ಲಿ ಒಪ್ಪಂದವೇ ಬೇರೆ. ಬೆಳೆ ಕಡಿಮೆಯಾದ ವರ್ಷ ಬುಟ್ಟಿ ಸಣ್ಣದಾಗುತ್ತದೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ಹೆಚ್ಚಾದ ವರ್ಷ ಬುಟ್ಟಿ ದೊಡ್ಡದು. ಮಳೆ ಕೈಕೊಟ್ಟದ್ದಕ್ಕೆ ರೈತ ಒಬ್ಬನೇ ಏಕೆ ದಂಡ ಕಟ್ಟಬೇಕು ಎಂದು ನಾವು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ!

ಹಾಗಂತ ಇದನ್ನು ಸ್ವರ್ಗ ಅಂತ ಹೊಗಳುವುದು ಬೇಡ. ಅಮೆರಿಕ ಸರ್ಕಾರದ 2015ರ ಸಮೀಕ್ಷೆಯಲ್ಲಿ ಹೀಗೆ ಮಾರುವ ತೋಟಗಳು ಸಿಕ್ಕಿದ್ದು 7,398. ಆ ದೇಶದಲ್ಲಿ ಇರೋದು 20 ಲಕ್ಷದಷ್ಟು ಜಮೀನುಗಳು. ನೂರಕ್ಕೆ ಒಂದೂ ಇಲ್ಲ. ಪಾಲು ತಗೊಂಡವರಲ್ಲಿ ಎಷ್ಟೋ ಜನ ಮರುವರ್ಷ ಬಿಟ್ಟುಹೋಗುತ್ತಾರೆ. ದಿನಾ ಅದೇ ಕೋಸು ತಿನ್ನೋಕೆ ಬೇಜಾರು ಅವರಿಗೆ. ಎಲ್ಲಕ್ಕಿಂತ ದೊಡ್ಡ ಲೋಪ ರೈತನದೇ. ಪಾಲಿನ ದರ ಹೆಚ್ಚಾದರೆ ಜನ ಬರಲಿಕ್ಕಿಲ್ಲ ಎಂಬ ಅಂಜಿಕೆಗೆ ತನ್ನ ಕೂಲಿ, ತನ್ನ ಹೆಂಡತಿಯ ಕೂಲಿ, ಜಮೀನಿನ ಗೇಣಿ ಬಿಟ್ಟು ಲೆಕ್ಕ ಬರೆದುಬಿಡುತ್ತಾನೆ. ಅಲ್ಲಿಗೆ ದಲ್ಲಾಳಿ ಹೋದರೂ ದಲ್ಲಾಳಿಯ ಬೆಲೆ ಉಳಿಯಿತು.

ಇಲ್ಲೇ ನಮಗೆ ಪಾಠ ಇರೋದು. ನಮ್ಮಲ್ಲೂ ಸರ್ಕಾರ ಇದನ್ನೇ ಮಾಡುತ್ತಿದೆ. ಸ್ವಾಮಿನಾಥನ್ ಆಯೋಗ 2006ರಲ್ಲಿ ಖರ್ಚಿನ ಮೇಲೆ ಶೇಕಡ 50 ಸೇರಿಸಿ ಬೆಲೆ ಕೊಡಿ ಅಂದಿತು. ರೈತರು ಕೇಳೋದು ಸ್ವಂತ ಜಮೀನಿನ ಗೇಣಿ, ಹಾಕಿದ ಬಂಡವಾಳದ ಬಡ್ಡಿ ಎಲ್ಲ ಸೇರಿದ ಸಿ-2 ಲೆಕ್ಕ. 2018ರಿಂದ ಸರ್ಕಾರ ಒಂದೂವರೆ ಪಟ್ಟು ಕೊಟ್ಟೆವು ಅಂತ ಹೇಳೋದು ಆ ಎರಡನ್ನೂ ಬಿಟ್ಟ ಲೆಕ್ಕದ ಮೇಲೆ. ಖರ್ಚಿನ ಪಟ್ಟಿ ಬರೆಯುವ ಲೇಖನಿ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲೇ.

ರಾಗಿ, ಜೋಳ, ಕಬ್ಬು, ಹತ್ತಿ ಬೆಳೆಯುವವರೆಲ್ಲ ನಾಳೆಯಿಂದ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ಬೆಂಬಲ ಬೆಲೆಯ ಹೊಣೆ ತಪ್ಪಿಸಿಕೊಳ್ಳಲು ಯಾರಾದರೂ ಬಂದರೆ ಅವರನ್ನು ಊರ ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸುತ್ತಮುತ್ತ ಸೊಪ್ಪು ತರಕಾರಿ ಬೆಳೆಯುವ, ಔಷಧಿ ಹೊಡೆಯದೆ ಬೆಳೆಯಬಲ್ಲ ಹತ್ತು ಜನ ರೈತರು ಒಟ್ಟಾದರೆ ನೂರು ಮನೆ ಹುಡುಕುವುದು ಆಗದ ಕೆಲಸವಲ್ಲ. ಒಬ್ಬೊಬ್ಬರೇ ಹೋಗಬೇಡಿ. ಒಬ್ಬನ ತೋಟದಲ್ಲಿ ಹುಳ ಬಿದ್ದರೆ ಇನ್ನೊಬ್ಬನದು ಬುಟ್ಟಿ ತುಂಬಿಸಬೇಕು.

ಎಲ್ಲರೂ ಮಾಡಬಹುದಾದ ಕೆಲಸ ಒಂದಿದೆ. ಬರುವ ಮುಂಗಾರಿಗೆ ಮುಂಚೆ ಒಂದು ನೋಟ್ ಬುಕ್ಕು ತಗೊಳ್ಳಿ. ಬೀಜ ಗೊಬ್ಬರದ ಖರ್ಚು ಬರೆಯಿರಿ. ಅದರ ಕೆಳಗೆ ನಿಮ್ಮ ಕೂಲಿ ಬರೆಯಿರಿ, ಕಳೆ ಕಿತ್ತ ಮನೆಯ ಹೆಂಗಸರ ಕೂಲಿ ಬರೆಯಿರಿ, ಎತ್ತಿನ ಮೇವು ಬರೆಯಿರಿ, ಜಮೀನಿನ ಗೇಣಿ ಬರೆಯಿರಿ, ತಂದ ಸಾಲದ ಬಡ್ಡಿ ಬರೆಯಿರಿ. ಊರ ಕಟ್ಟೆಯ ಮೇಲೆ ಕೂತು ಹತ್ತು ಜನರ ಲೆಕ್ಕ ಕೂಡಿಸಿ ನೋಡಿ. ಮಂಡಿಯವನ ಮುಂದಾಗಲಿ, ಅಧಿಕಾರಿಯ ಮುಂದಾಗಲಿ, ಪಟ್ಟಣದ ಮನೆಯವರ ಮುಂದಾಗಲಿ, ನಮ್ಮ ಬೆಲೆ ಇಷ್ಟು ಅಂತ ಹೇಳುವ ಧೈರ್ಯ ಆ ಪುಸ್ತಕದಿಂದಲೇ ಬರಬೇಕು.