ಅಪ್ಪಣೆ ಕೇಳಿ ಮಾರುವ ವರ್ತಕನು

ವರ್ತಕವೃತ್ತಿಯು ಎಷ್ಟು ಪುರಾತನವಾದುದೋ ಅದರ ಮೇಲಣ ದೂರೂ ಅಷ್ಟೇ ಪುರಾತನವಾದುದು. ಆದರೆ ಈಚೆಗೆ ಆ ದೂರು ಹೊಸ ರೂಪವನ್ನು ತಾಳಿದೆ. ಹಿಂದೆ ಬೇಡದ ಮಾರಾಟಗಾರನು ಬೀದಿಯ ಬಾಗಿಲಿಗೆ ಬರುತ್ತಿದ್ದನು. ಬಾಗಿಲನ್ನು ಮುಚ್ಚಿಕೊಂಡರೆ ಮುಂದಿನ ಮನೆಗೆ ಹೋಗುತ್ತಿದ್ದನು. ಈಗ ಅವನು ಕೈಯಲ್ಲಿರುವ ಮೊಬೈಲಿನೊಳಗೇ ಬಂದು ಕುಳಿತಿರುವನು. ಊಟದ ಹೊತ್ತು, ರೋಗಿಯ ಆರೈಕೆಯ ಹೊತ್ತು, ನಿದ್ರೆಯ ಹೊತ್ತು ಎಂಬ ಭೇದವು ಅವನಿಗಿಲ್ಲ. ಆದುದರಿಂದ ನಮ್ಮ ಶಾಲೆಯಲ್ಲಿ ಕಲಿತ ತರುಣಿಯೊಬ್ಬಳು ತಾನು ಆನ್‌ಲೈನ್ ಮಾರ್ಕೆಟಿಂಗ್ ಉದ್ಯೋಗವನ್ನು ಕೈಕೊಳ್ಳುವೆನೆಂದು ಹೇಳಿದಾಗ ತಂದೆತಾಯಿಗಳ ಮುಖವು ಸ್ವಲ್ಪ ಕಂದುವುದು ಸಹಜವೇ ಆಗಿದೆ. ಇಷ್ಟೆಲ್ಲಾ ಓದಿಸಿದ್ದು ಪರರ ನೆಮ್ಮದಿಯನ್ನು ಕೆಡಿಸುವುದಕ್ಕೋ ಎಂದು ಅವರು ಕೇಳುವರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಅದಕ್ಕೆ ಉತ್ತರವಿಲ್ಲದೆ ಇಲ್ಲವೆಂದು ತೋರಿಸುವುದಕ್ಕೆ ಈ ವೃತ್ತಿಯಲ್ಲಿಯೇ ಹೆಸರನ್ನು ಗಳಿಸಿದ ಒಬ್ಬನ ಜೀವಿತವನ್ನು ಓದುಗರ ಮುಂದಿಡುವೆವು.

ಸೇತ್ ಗೋಡಿನ್ ಎಂಬವನು ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ವರ್ನನ್ ಪಟ್ಟಣದಲ್ಲಿ 1960ನೆಯ ಇಸವಿಯಲ್ಲಿ ಹುಟ್ಟಿದನು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಗಣಕಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಜೊತೆಯಾಗಿ ಅಭ್ಯಾಸಮಾಡಿದನು. ಯಂತ್ರದ ವಿದ್ಯೆಯೂ ವಿವೇಕದ ವಿದ್ಯೆಯೂ ಒಂದೇ ತಲೆಯಲ್ಲಿ ಕೂಡಿದುದು ಮುಂದೆ ಈತನಿಗೆ ಬಹಳ ಉಪಯೋಗಕ್ಕೆ ಬಂದಿತೆಂದು ನಮ್ಮ ಊಹೆ. ಬಳಿಕ ಸ್ಟ್ಯಾನ್‌ಫರ್ಡಿನಲ್ಲಿ ವ್ಯಾಪಾರಶಾಸ್ತ್ರವನ್ನು ಕಲಿತು, ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸಮಾಡಿ, 1986ರಲ್ಲಿ ತಾನು ಉಳಿಸಿದ್ದ 20,000 ಡಾಲರುಗಳಿಂದ ಸ್ವಂತ ಉದ್ಯಮವನ್ನು ಆರಂಭಿಸಿದನು. ಪುಸ್ತಕಗಳ ಯೋಜನೆಯನ್ನು ಕಲ್ಪಿಸಿ, ಬರೆಯುವವರನ್ನು ಹುಡುಕಿ, ಎಲ್ಲವನ್ನೂ ಸಿದ್ಧಪಡಿಸಿ ಪ್ರಕಾಶಕರಿಗೆ ಒಪ್ಪಿಸುವುದೇ ಆ ಉದ್ಯಮ. ಪ್ರಕಾಶಕರು ಆರಂಭದಲ್ಲಿ ಇವನನ್ನು ಆದರಿಸಲಿಲ್ಲ. ನಿರಾಕರಣದ ಪತ್ರಗಳು ನೂರಾರು ಬಂದವು. ಬೇಡವೆಂಬ ಮಾತನ್ನು ಇಷ್ಟು ಸಾರಿ ಕೇಳಿದವನಿಗೆ ಕೇಳಿಕೊಳ್ಳುವ ಮರ್ಯಾದೆಯು ತಾನಾಗಿಯೇ ತಿಳಿದಿರಬೇಕು.

ಆ ಕಾಲಕ್ಕೆ ಇಂಟರ್ನೆಟ್ಟು ಸಾಮಾನ್ಯ ಜನರ ಮನೆಗಳಿಗೆ ಆಗತಾನೆ ಕಾಲಿಡುತ್ತಿದ್ದಿತು. ಅದರೊಂದಿಗೆ ಉಪದ್ರವವೂ ಬಂದಿತು. 1978ರಲ್ಲಿಯೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟಾಧಿಕಾರಿಯೊಬ್ಬನು ಆಗಿನ ಆರ್ಪಾನೆಟ್ ಎಂಬ ಜಾಲದಲ್ಲಿ ಸುಮಾರು 400 ಮಂದಿಗೆ, ಅವರು ಕೇಳದೆಯೇ, ಗಣಕಯಂತ್ರಗಳ ಜಾಹೀರಾತನ್ನು ಕಳುಹಿಸಿದ್ದನು. 1994ರಲ್ಲಿ ಇಬ್ಬರು ವಕೀಲರು ಯೂಸ್‌ನೆಟ್ಟಿನ ಸಾವಿರಾರು ಚರ್ಚಾಕೂಟಗಳಲ್ಲಿ ಒಂದೇ ಜಾಹೀರಾತನ್ನು ಬಿತ್ತಿದರು. ಕಾಗದದ ಪತ್ರಕ್ಕೆ ಅಂಚೆಯ ಖರ್ಚಾದರೂ ಉಂಟು. ಇ-ಮೇಲಿಗೆ ಅದೂ ಇಲ್ಲ. ಸಾವಿರ ಜನರಿಗೆ ಕಳುಹಿಸಿದರೂ ಹತ್ತು ಲಕ್ಷ ಜನರಿಗೆ ಕಳುಹಿಸಿದರೂ ಕಳುಹಿಸುವವನ ಜೇಬಿಗೆ ಹೆಚ್ಚು ಕಡಿಮೆ ಒಂದೇ. ಆ ನಷ್ಟವೆಲ್ಲವೂ ಓದುವವನ ಸಮಯದಿಂದ ವಸೂಲಾಗುವುದು. ಗೋಡಿನನು ಕಂಡುಕೊಂಡ ಮುಖ್ಯ ಸಂಗತಿಯೇ ಇದು: ಮನುಷ್ಯನ ಗಮನವೆಂಬುದು ಮಿತವಾದ ದ್ರವ್ಯ, ಅದನ್ನು ಕೇಳದೆ ತೆಗೆದುಕೊಳ್ಳುವುದು ಕಳವಿಗೆ ಸಮೀಪವಾದುದು.

1995ರಲ್ಲಿ ಈತನು ಯೊಯೊಡೈನ್ ಎಂಬ ಸಂಸ್ಥೆಯನ್ನು ಕಟ್ಟಿದನು. ಅದರ ಕ್ರಮವು ಹೀಗಿದ್ದಿತು. ಒಂದು ಆಟವನ್ನೋ ಬಹುಮಾನವನ್ನೋ ತೋರಿಸಿ, ಇಷ್ಟವಿದ್ದವರು ತಮ್ಮ ಇ-ಮೇಲ್ ವಿಳಾಸವನ್ನು ಕೊಡಬಹುದೆಂದು ಕರೆಯುವುದು. ಕೊಟ್ಟವರಿಗೆ ಮಾತ್ರ ಕ್ರಮಕ್ರಮವಾಗಿ ಪತ್ರಗಳನ್ನು ಕಳುಹಿಸಿ ಸರಕಿನ ಪರಿಚಯವನ್ನು ಮಾಡಿಕೊಡುವುದು. ಎಚ್ ಅಂಡ್ ಆರ್ ಬ್ಲಾಕ್ ಎಂಬ ತೆರಿಗೆ ಲೆಕ್ಕದ ಸಂಸ್ಥೆಗಾಗಿ, ಗೆದ್ದವರ ತೆರಿಗೆಯನ್ನು ತಾವೇ ಕಟ್ಟುವ ಪಂದ್ಯವೊಂದನ್ನು ಇವರು ನಡೆಯಿಸಿದರು. 1998ರಲ್ಲಿ ಯಾಹೂ ಸಂಸ್ಥೆಯು ಯೊಯೊಡೈನನ್ನು ಸುಮಾರು 3 ಕೋಟಿ ಡಾಲರುಗಳ ಬೆಲೆಗೆ ಕೊಂಡುಕೊಂಡಿತು. ಗೋಡಿನನೂ ಸ್ವಲ್ಪ ಕಾಲ ಅಲ್ಲಿ ಅಧಿಕಾರಿಯಾಗಿದ್ದನು. ಹಣದ ವಿಷಯ ಇಷ್ಟು ಸಾಕು.

1999ರಲ್ಲಿ ಪ್ರಕಟವಾದ 'ಪರ್ಮಿಷನ್ ಮಾರ್ಕೆಟಿಂಗ್' ಎಂಬ ಗ್ರಂಥದಲ್ಲಿ ಈತನು ತನ್ನ ಮತವನ್ನು ವಿವರಿಸಿದನು. ನಡುವೆ ಬಾಯಿಹಾಕಿ ಮಾರುವುದು ಒಂದು ಮಾರ್ಗ, ಅಪ್ಪಣೆ ಪಡೆದು ಮಾರುವುದು ಇನ್ನೊಂದು. ಇವನು ಕೊಡುವ ಉಪಮೆಯು ನಮ್ಮವರಿಗೆ ನಗೆ ತರಿಸೀತು: ಮೊದಲನೆಯ ಮಾರ್ಗದವನು ಮದುವೆಯಾಗಲೆಳಸಿ, ಗುರುತಿಲ್ಲದವರು ನೆರೆದ ಕಡೆ ಹೋಗಿ ಕಂಡಕಂಡವರನ್ನೆಲ್ಲ ವಿವಾಹಕ್ಕೆ ಕೇಳುವವನಂತೆ, ಎರಡನೆಯವನು ಪರಿಚಯದಿಂದ ಸ್ನೇಹಕ್ಕೆ, ಸ್ನೇಹದಿಂದ ವಿಶ್ವಾಸಕ್ಕೆ ನಡೆಯುವವನಂತೆ. (ಸಂಬಂಧ ಕುದುರಿಸುವ ನಮ್ಮ ಹಿರಿಯರು ಇದನ್ನು ಗ್ರಂಥವಿಲ್ಲದೆಯೇ ಬಲ್ಲರು.) ಪತ್ರವು ಪಡೆಯುವವರು ಎದುರುನೋಡುತ್ತಿರುವಂಥದೂ, ಅವರನ್ನೇ ಕುರಿತದೂ, ಅವರಿಗೆ ಬೇಕಾದುದೂ ಆಗಿರತಕ್ಕದ್ದೆಂಬುದು ಇವನ ನಿಯಮ. ಇದಕ್ಕೊಂದು ಪರೀಕ್ಷೆಯನ್ನೂ ಹೇಳಿರುವನು: ನಾಳೆ ನಿಮ್ಮ ಪತ್ರವು ಬಾರದೆ ಹೋದರೆ, ಅದು ಏಕೆ ಬರಲಿಲ್ಲವೆಂದು ಯಾರಾದರೂ ವಿಚಾರಿಸುವರೆ?

ಇಷ್ಟನ್ನು ಹೊಗಳಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು. ಬಹುಮಾನದ ಆಶೆ ತೋರಿಸಿ ಪಡೆದ ಅಪ್ಪಣೆಯು ಪೂರ್ಣವಾದ ಅಪ್ಪಣೆಯೆ? ಮಗುವಿನ ಕೈಗೆ ಮಿಠಾಯಿಯನ್ನು ಕೊಟ್ಟು ಮನೆಯೊಳಕ್ಕೆ ಬಂದವನು ಬಾಗಿಲು ತಟ್ಟಿಯೇ ಬಂದೆನೆಂದು ಹೇಳಬಹುದು, ಮನೆಯವರು ಒಪ್ಪಲಾರರು. ಅಪ್ಪಣೆಯೆಂಬ ಮಾತು ಈಗ ವ್ಯಾಪಾರಿಗಳೆಲ್ಲರ ಬಾಯಲ್ಲಿದೆ. ಆದರೆ ಮೊದಲೇ ಗುರುತು ಹಾಕಿಟ್ಟ ಚೌಕ, ಸಣ್ಣಕ್ಷರದ ಷರತ್ತು, ಒಪ್ಪಿದೆನೆಂಬ ದೊಡ್ಡ ಗುಂಡಿ, ಒಲ್ಲೆನೆಂಬುದನ್ನು ಎಲ್ಲಿಯೋ ಅಡಗಿಸಿಟ್ಟ ಪುಟ, ಇವುಗಳಿಂದ ಪಡೆದುದನ್ನೂ ಅವರು ಅದೇ ಹೆಸರಿನಿಂದ ಕರೆಯುವರು. ಗೋಡಿನನ ಸ್ವಂತ ಅನುಭವವೂ ಇದಕ್ಕೆ ಹೊರತಲ್ಲ. ಯಾರು ಬೇಕಾದರೂ ತಮಗೆ ತಿಳಿದ ವಿಷಯದ ಮೇಲೆ ಪುಟವನ್ನು ಬರೆಯಲೆಂದು ಈತನು ಸ್ಥಾಪಿಸಿದ ಸ್ಕ್ವಿಡೂ ಎಂಬ ತಾಣದೊಳಗೆ, ಬರಿಯ ಮಾರಾಟಕ್ಕೆಂದು ಬರೆದ ಪುಟಗಳೂ ನುಗ್ಗಿದವು. 2014ರಲ್ಲಿ ಅದನ್ನು ಹಬ್‌ಪೇಜಸ್ ಎಂಬ ಬೇರೊಂದು ಸಂಸ್ಥೆಯು ಕೊಂಡುಕೊಂಡಿತು. ಆದರೂ ಈತನು ತನ್ನ ನಿಯಮವನ್ನು ಬಿಟ್ಟವನಲ್ಲ. ಪ್ರತಿದಿನವೂ ಒಂದು ಸಣ್ಣ ಲೇಖನವನ್ನು ಬರೆದು, ಬಯಸಿದವರಿಗೆ ಮಾತ್ರ ತಲುಪಿಸುವ ಪದ್ಧತಿಯನ್ನು ಬಹು ವರ್ಷಗಳಿಂದ ನಡೆಯಿಸಿಕೊಂಡು ಬಂದಿರುವನು.

ಇದೆಲ್ಲವೂ ದೂರದೇಶದ ಮಾತೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಎಣಿಸಬಾರದು. ಅವರಲ್ಲಿ ಎಷ್ಟೋ ಮಂದಿ ಮನೆಯಲ್ಲಿಯೇ ಕುಳಿತು ಉಪ್ಪಿನಕಾಯಿ, ಹಪ್ಪಳ, ಕಸೂತಿಯ ಸೀರೆ, ಹೊಲಿದ ಉಡುಪು ಮೊದಲಾದುವನ್ನು ವಾಟ್ಸಾಪಿನ ಮೂಲಕ ಮಾರುತ್ತಿರುವರು. ಅವರ ಶ್ರಮವು ನಮಗೆ ಹೆಮ್ಮೆಯ ವಿಷಯ. ಆದರೆ ಶಾಲೆಯ ಗೆಳತಿಯರ ಕೂಟವೆಂದು ಏರ್ಪಟ್ಟ ಗುಂಪಿನಲ್ಲಿ ದಿನಕ್ಕೆ ನಾಲ್ಕು ಸಾರಿ ಸೀರೆಯ ಚಿತ್ರಗಳು ಬಿದ್ದರೆ, ಒಬ್ಬೊಬ್ಬರಾಗಿ ಗೆಳತಿಯರು ಗುಂಪನ್ನು ಬಿಟ್ಟುಹೋಗುವರು; ಸೀರೆಯೂ ಮಾರಾಟವಾಗದು. ಯಾರಿಗೆ ಬೇಕೆಂದು ಒಮ್ಮೆ ಕೇಳಿ, ಬೇಕೆಂದ ಅರುವತ್ತು ಮಂದಿಯ ಹೆಸರನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಮಾವಿನ ಮಿಡಿಯ ಕಾಲದಲ್ಲಿ ಅವರಿಗೆ ಮಾತ್ರ ಹೇಳಿಕಳುಹಿಸಿದವಳ ಭರಣಿಗಳು ಬೇಗನೆ ಬರಿದಾಗುವುವು. ಈ ಸ್ಮರಣಸಂಚಿಕೆಯ ಕೊನೆಯ ಪುಟಗಳಲ್ಲಿಯೂ ಜಾಹೀರಾತುಗಳುಂಟು. ಓದುಗರು ತಮ್ಮ ಬಿಡುವಿನಲ್ಲಿ ನೋಡುವರು, ಬೇಡವಾದರೆ ಪುಟವನ್ನು ಮಗುಚುವರು. ಮಗಳು ಈ ವೃತ್ತಿಯನ್ನು ಆರಿಸಿಕೊಂಡರೆ ಪೋಷಕರು ಅಡ್ಡಿಮಾಡುವುದಕ್ಕಿಂತ, ಅವಳು ಸೇರಲಿರುವ ಸಂಸ್ಥೆಯು ಜನರ ಹೆಸರುಗಳನ್ನು ಯಾವ ಬಗೆಯಲ್ಲಿ ಕೂಡಿಸುತ್ತದೆಂದು ವಿಚಾರಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಸಂಬಳವೆಷ್ಟೆಂಬುದನ್ನು ಆಮೇಲೆ ಕೇಳಬಹುದು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಬೇಡದ ಕರೆಗಳನ್ನು ತಡೆಯುವ ನೋಂದಣಿಯು 2007ರಲ್ಲಿ ಆರಂಭವಾಯಿತು. 1909 ಎಂಬ ಸಂಖ್ಯೆಗೆ ತಿಳಿಸಿ ಯಾರಾದರೂ ಅದರಲ್ಲಿ ಸೇರಬಹುದು. 2018ರಲ್ಲಿ ಟ್ರಾಯ್ ಸಂಸ್ಥೆಯು ನಿಬಂಧನೆಗಳನ್ನು ಮತ್ತಷ್ಟು ಬಿಗಿಗೊಳಿಸಿತು. 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಪ್ಪಿಗೆಯು ಸ್ವತಂತ್ರವೂ ಸ್ಪಷ್ಟವೂ ಆಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂದು ವಿಧಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು, ಬಿಲ್ಲು ಮಾಡುವಾಗ ಮೊಬೈಲ್ ಸಂಖ್ಯೆಯನ್ನು ಕೊಡಲೇಬೇಕೆಂದು ಗ್ರಾಹಕರನ್ನು ಬಲವಂತಪಡಿಸಬಾರದೆಂದು ಅಂಗಡಿಗಳವರಿಗೆ ಸೂಚನೆ ಕೊಟ್ಟಿತು. ಇದನ್ನರಿಯದ ತಾಯಂದಿರು ಇಂದಿಗೂ ಒಂದು ಸೇರು ಬೇಳೆಗಾಗಿ ಮನೆಯವರೆಲ್ಲರ ಸಂಖ್ಯೆಗಳನ್ನು ಗಲ್ಲದ ಹುಡುಗನಿಗೆ ಬರೆಯಿಸಿ ಬರುತ್ತಿರುವರು.