ಹಳೆಯ ಪಿಕಪ್ಪಿಗೆ ದೊಡ್ಡ ಅಚ್ಚು: ಲಾಭವೋ, ಅಪಾಯವೋ?

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಹಳೆಯ ಪಿಕಪ್ ಗಾಡಿ ರೈತನ ಎರಡನೆಯ ಜೋಡಿ ಎತ್ತಾಗಿದೆ. ತೊಗರಿ ಮಾರುಕಟ್ಟೆಗೆ ಹೋಗುವುದು ಅದರಲ್ಲಿ, ಬೀಜ ಗೊಬ್ಬರ ಊರಿಗೆ ಬರುವುದು ಅದರಲ್ಲಿ. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಅದೇ ಗಾಡಿ ಶಹಾಬಾದ್ ಕಲ್ಲನ್ನೋ, ವಾಡಿಯ ಸಿಮೆಂಟನ್ನೋ ಹೊತ್ತು ನಾಲ್ಕು ಕಾಸು ತರುತ್ತದೆ. ಇಂಥ ಗಾಡಿಯ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಅಚ್ಚು, ಮುರಿದರೆ ರೈತನ ಕೈಯೇ ಮುರಿದಂತೆ.

ಮುರಿದ ಅಚ್ಚಿನ ಬದಲು ಗುಜರಿಯಿಂದ ಇನ್ನೊಂದನ್ನು ತಂದು ಕೂಡಿಸುವುದುಂಟು. ಅದೇ ಮಾದರಿಯ ಗಾಡಿಯ ಒಳ್ಳೆಯ ಅಚ್ಚು ದೊರೆತರೆ ಇದು ತಪ್ಪಲ್ಲ. ಆದರೆ "ಹೇಗೂ ಬದಲಿಸುತ್ತೇವೆ, ದೊಡ್ಡ ಗಾಡಿಯ ಅಚ್ಚನ್ನೇ ಹಾಕೋಣ, ಇನ್ನೂ ಹತ್ತು ಚೀಲ ಹೆಚ್ಚು ಹೇರಬಹುದು" ಎಂಬ ವಿಚಾರವನ್ನು ನಾನು ಒಪ್ಪಲಾರೆ. ಬಂಡಿಗೆ ದಪ್ಪ ಅಚ್ಚು ಹಾಕಿದ ಮಾತ್ರಕ್ಕೆ ಎತ್ತಿನ ಬಲ ಹೆಚ್ಚುವುದಿಲ್ಲ. ಪಿಕಪ್ಪಿನಲ್ಲಿಯೂ ಚಾಸಿ, ಸ್ಪ್ರಿಂಗ್ ಪಟ್ಟಿ, ಕ್ಲಚ್ಚು, ಗೇರ್ ಪೆಟ್ಟಿಗೆ, ಮುಂದಿನ ಬ್ರೇಕು ಎಲ್ಲವೂ ಹಳೆಯವೇ ಉಳಿಯುತ್ತವೆ. ಅಚ್ಚು ಮುರಿಯದಿದ್ದರೆ ಆ ಭಾರ ಇವುಗಳಲ್ಲಿ ಒಂದನ್ನು ಮುರಿಯುತ್ತದೆ.

ಅಚ್ಚು ಮುರಿಯುವುದೇಕೆ?

ಅಚ್ಚಿನಲ್ಲಿ ಎರಡು ಬಗೆ. ಅನೇಕ ಸಣ್ಣ ಗಾಡಿಗಳಲ್ಲಿ ಒಳಗಿನ ದಂಡವೇ ಚಕ್ರವನ್ನು ತಿರುಗಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು. ಆ ದಂಡ ತುಂಡಾದರೆ ಚಕ್ರವೇ ಕಳಚಿ ಬೀಳಬಹುದು. ಲಾರಿಗಳಲ್ಲಿ ಹೊರಗಿನ ಕೊಳವೆ ಭಾರವನ್ನು ಹೊರುತ್ತದೆ, ದಂಡ ಕೇವಲ ತಿರುಗಿಸುತ್ತದೆ. ಅಲ್ಲಿ ದಂಡ ತುಂಡಾದರೂ ಚಕ್ರ ಜಾಗ ಬಿಡುವುದಿಲ್ಲ. ತನ್ನ ಗಾಡಿಯದು ಯಾವ ಬಗೆ ಎಂಬುದನ್ನು ಪ್ರತಿಯೊಬ್ಬ ಮಾಲೀಕನೂ ಮೇಸ್ತ್ರಿಯನ್ನು ಕೇಳಿ ತಿಳಿದಿರಬೇಕು.

ಮುರಿಯಲು ಮುಖ್ಯ ಕಾರಣ ಮಿತಿ ಮೀರಿದ ಹೇರು. ಅದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ತೊಡಕು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಂಗುಲ ದಪ್ಪದ ಒಂದು ಶಹಾಬಾದ್ ಕಲ್ಲು ಸುಮಾರು 24 ಕೆ.ಜಿ. ತೂಗುತ್ತದೆ. ಇಂಥ 40 ಕಲ್ಲು ಸೇರಿದರೆ ಒಂದು ಟನ್ನಿನ ಹತ್ತಿರ ಬರುತ್ತದೆ. ಒಂದರ ಮೇಲೊಂದು ಇಟ್ಟರೆ ಅದು ಸೊಂಟದೆತ್ತರದ ಒಂದೇ ರಾಶಿ, ಉಳಿದ ಗಾಡಿಯೆಲ್ಲ ಖಾಲಿ ಕಾಣುತ್ತದೆ. ಒಂದು ಟನ್ನಿನ ಗಾಡಿಗೆ 50 ಕೆ.ಜಿ.ಯ ತೊಗರಿ ಚೀಲ 20 ಮಾತ್ರ. ಚಾಲಕ, ಕೂಲಿಯಾಳು ಹತ್ತಿದರೆ ಅವರ ತೂಕವನ್ನೂ ಇದರಲ್ಲಿಯೇ ಲೆಕ್ಕ ಹಿಡಿಯಬೇಕು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತ ಗಾಡಿಯನ್ನು ಕ್ಲಚ್ಚು ತಟ್ಟನೆ ಬಿಟ್ಟು ಜಗ್ಗಿಸುವುದರಿಂದಲೂ ದಂಡ ತಿರುಚಿ ಮುರಿಯುತ್ತದೆ.

ಹಲ್ಲಿನ ಲೆಕ್ಕ

ಅಚ್ಚಿನ ನಡುವಿನ ಉಂಡೆಯೊಳಗೆ ಪಿನಿಯನ್ ಎಂಬ ಸಣ್ಣ ಗಾಲಿ ಕ್ರೌನ್ ಎಂಬ ದೊಡ್ಡ ಗಾಲಿಯನ್ನು ತಿರುಗಿಸುತ್ತದೆ. ಕ್ರೌನಿಗೆ 41, ಪಿನಿಯನ್ನಿಗೆ 8 ಹಲ್ಲು ಇದ್ದರೆ ಚಕ್ರ ಒಂದು ಸುತ್ತು ಸುತ್ತಲು ಪಿನಿಯನ್ 5 ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. 37 ಮತ್ತು 9 ಹಲ್ಲಿನದಾದರೆ 4 ಸುತ್ತಿಗಿಂತ ಸ್ವಲ್ಪ ಹೆಚ್ಚು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರೆ ಎಳೆಯುವ ಶಕ್ತಿ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಚಿಂಚೋಳಿ ಕಡೆಯ ಏರಿನಲ್ಲಿ ಕ್ಲಚ್ಚು ಸುಡುತ್ತದೆ. ಗೇರ್ ಪೆಟ್ಟಿಗೆಯಿಂದ ನಡೆಯುವ ಮೀಟರು 40 ಎಂದು ತೋರಿಸುವಾಗ ಗಾಡಿ ನಿಜವಾಗಿ 50ರಲ್ಲಿ ಓಡುತ್ತಿರುತ್ತದೆ. ನಾಲ್ಕೂ ಚಕ್ರ ಎಳೆಯುವ ಜೀಪಿನಲ್ಲಿ ಹಿಂದಿನ ಲೆಕ್ಕ ಮುಂದಿನದಕ್ಕೆ ಸರಿಹೊಂದದಿದ್ದರೆ ಗೇರುಗಳೇ ಒಡೆಯಬಹುದು.

ಕೊಳ್ಳುವ ಮೊದಲು ಗುಜರಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಅಚ್ಚನ್ನು ಮೇಲೆತ್ತಿಟ್ಟು, ಪಿನಿಯನ್ನಿನ ತುದಿಗೆ ಸುಣ್ಣದ ಗುರುತು ಹಾಕಿ, ಇಬ್ಬರು ಎರಡೂ ಕಡೆಯ ಹಬ್ಬುಗಳನ್ನು ಕೂಡಿಯೇ ಒಂದು ಸುತ್ತು ತಿರುಗಿಸಿ ಎಣಿಸಬೇಕು. ಜೊತೆಗೆ ಸ್ಪ್ರಿಂಗ್ ಕೂರುವ ಎರಡು ಜಾಗಗಳ ನಡುವಿನ ಅಂತರ, ಚಕ್ರದ ಬೋಲ್ಟುಗಳ ಸಂಖ್ಯೆ, ಬ್ರೇಕ್ ಡ್ರಮ್ಮಿನ ಅಳತೆ, ಕೈಬ್ರೇಕಿನ ತಂತಿ ಇವುಗಳನ್ನು ಹಳೆಯದರೊಡನೆ ಹೋಲಿಸಬೇಕು. ಸ್ಪ್ರಿಂಗ್ ಕೂರುವ ಜಾಗವನ್ನು ಕೊಯ್ದು ಬೆಸುಗೆ ಹಾಕಿದ ಅಚ್ಚನ್ನು ಕೊಳ್ಳದಿರುವುದೇ ಲೇಸು.

ಬ್ರೇಕಿನ ಮಾತು

ದೊಡ್ಡ ಅಚ್ಚಿನ ಬ್ರೇಕಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಸಣ್ಣ ಗಾಡಿಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ತಳ್ಳಲಾರದೆ ಪೆಡಲು ಕೆಳಗಿಳಿಯುತ್ತದೆ. ಹಿಂದಿನ ಬ್ರೇಕು ಮುಂದಿನದಕ್ಕಿಂತ ಬಲವಾದರೆ ಖಾಲಿ ಗಾಡಿ ಒದ್ದೆ ರಸ್ತೆಯಲ್ಲಿ ಜಾರಿ ಅಡ್ಡ ತಿರುಗುತ್ತದೆ. ಅಚ್ಚಿನ ಮೇಲಿರುವ ಗಾಳಿಕಿಂಡಿ ಕಲ್ಲುಪುಡಿ, ಸಿಮೆಂಟು ಧೂಳಿನಿಂದ ಮುಚ್ಚಿದರೆ ಕಾದ ಗೇರ್ ಎಣ್ಣೆ ಸೀಲು ದಾಟಿ ಬ್ರೇಕಿಗೆ ಹತ್ತುತ್ತದೆ. ಆದುದರಿಂದ ಅಚ್ಚು ಕೂಡಿಸುವಾಗ ಹೊಸ ಸೀಲು, ಹೊಸ ಎಣ್ಣೆ ಹಾಕಿಸಿ, ಕಿಂಡಿಯನ್ನು ಸ್ವಚ್ಛ ಮಾಡಿಸತಕ್ಕದ್ದು. ಇದಕ್ಕೆ ತಗಲುವ ಖರ್ಚಿನಲ್ಲಿ ಜಿಪುಣತನ ಸಲ್ಲದು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರ ತಯಾರಕರು ಸೂಚಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅಚ್ಚು ಎಷ್ಟೇ ದಪ್ಪವಿರಲಿ, ಪತ್ರದಲ್ಲಿ ಬರೆದ ತೂಕವೇ ಮಿತಿ. ಮಿತಿ ಮೀರಿದ ಹೇರಿಗೆ 2019ರ ತಿದ್ದುಪಡಿಯು 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಗೊತ್ತುಪಡಿಸಿದೆ. ಹೆಚ್ಚಿನ ಮಾಲನ್ನು ಅಲ್ಲಿಯೇ ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ.

ಹಾಗಾದರೆ ಸುಗ್ಗಿಯಲ್ಲಿ ಮಾಡುವುದೇನು? ನಾಲ್ಕು ಮನೆಯವರು ಕೂಡಿ ಒಂದು ಲಾರಿಯನ್ನು ಬಾಡಿಗೆಗೆ ಹಿಡಿದರೆ ತೊಗರಿ ಒಂದೇ ದಿನ ಮಾರುಕಟ್ಟೆ ಸೇರುತ್ತದೆ. ಪಿಕಪ್ಪು ತನ್ನ ಶಕ್ತಿಯಷ್ಟನ್ನು ಎರಡು ಸಲ ಹೊತ್ತರೂ ನಷ್ಟವಿಲ್ಲ. ಒಂದು ಸಲದ ಡೀಸೆಲ್ಲಿನ ಉಳಿತಾಯ ಒಂದು ಅಚ್ಚಿನ ಬೆಲೆಗೆ ಸಮವಾಗದು. ಕೃಷಿ ವಿಜ್ಞಾನ ಕೇಂದ್ರಗಳು ಟ್ರ್ಯಾಕ್ಟರಿನ ತರಬೇತಿಯ ಜೊತೆಗೆ ಸರಕು ಗಾಡಿಯ ಹೇರು, ಅಚ್ಚು, ಬ್ರೇಕುಗಳ ವಿಷಯವನ್ನೂ ಒಂದು ದಿನ ಕಲಿಸುವುದು ಒಳ್ಳೆಯದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಗಾಡಿಗೂ ಸಲ್ಲುತ್ತದೆ. ರೈತ ಬಾಂಧವರು ಅಚ್ಚು ಬದಲಿಸುವುದಾದರೆ ಅದೇ ಮಾದರಿಯದನ್ನು, ಅದೇ ಹಲ್ಲಿನದನ್ನು ಹಾಕಿಸಲಿ. ಅದರೊಡನೆ ಹೇರಿನ ಅಭ್ಯಾಸವನ್ನೂ ಬದಲಿಸಲಿ. ಗಾಡಿಯ ಮೇಲೆ ಕುಳಿತು ಬರುವವರು ನಮ್ಮ ಮನೆಯವರೇ ಎಂಬುದನ್ನು ಮರೆಯಬಾರದು.