ಚಂದ್ರನ ಮೇಲೆ ದತ್ತಾಂಶ ಕೇಂದ್ರ: ಸಾಧ್ಯತೆ ಹಾಗೂ ಮಿತಿಗಳ ಒಂದು ಅವಲೋಕನ

ಪೀಠಿಕೆ

ಪಹಣಿ, ಜನನ ಮತ್ತು ಮರಣ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಮೊದಲಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ವಿವರಗಳು ಇಂದು ಗಣಕಯಂತ್ರಗಳಲ್ಲಿ ದಾಖಲಾಗಿರುತ್ತವೆ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯ ತರುವಾಯ ಕೈಬರಹದ ಪಹಣಿಯ ಸ್ಥಾನವನ್ನು ಗಣಕೀಕೃತ ಪಹಣಿಯು ಪಡೆದಿರುವುದು ಎಲ್ಲರಿಗೂ ತಿಳಿದ ವಿಷಯ. ಇಂತಹ ದಾಖಲೆಗಳನ್ನು ಸಂರಕ್ಷಿಸಿ, ದಿನದ 24 ಗಂಟೆಯೂ ಲಭ್ಯವಾಗುವಂತೆ ಮಾಡುವ ವ್ಯವಸ್ಥೆಯೇ ದತ್ತಾಂಶ ಕೇಂದ್ರ. ಈ ಕೇಂದ್ರಗಳನ್ನು ಚಂದ್ರನ ಮೇಲೆ ಸ್ಥಾಪಿಸುವ ಪ್ರಸ್ತಾಪವು ಇತ್ತೀಚಿನ ವರ್ಷಗಳಲ್ಲಿ ಚರ್ಚೆಗೆ ಬಂದಿದೆ. ಇದು ಎಷ್ಟರ ಮಟ್ಟಿಗೆ ಕಾರ್ಯಸಾಧ್ಯ ಹಾಗೂ ನಾಗರಿಕರ ದಾಖಲೆಗಳಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಪ್ರಸ್ತಾಪದ ಹಿನ್ನೆಲೆ

ಮೊದಲನೆಯ ಕಾರಣ ವಿದ್ಯುತ್. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ವಿಶ್ವದ ದತ್ತಾಂಶ ಕೇಂದ್ರಗಳು ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದವು. ಇದು ವಿಶ್ವದ ಒಟ್ಟು ಬಳಕೆಯ ಶೇ. 1.5ರಷ್ಟಾಗಿದ್ದು, 2030ರ ವೇಳೆಗೆ ಎರಡು ಪಟ್ಟು ಮೀರುವ ನಿರೀಕ್ಷೆಯಿದೆ.

ಎರಡನೆಯ ಕಾರಣ ಸುರಕ್ಷತೆ. ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡಿತು. 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರು ಕಡತಗಳನ್ನು ಇರಿಸುತ್ತಿದ್ದ ಒಂದು ಸಂಗ್ರಹದ 858 ಟೆರಾಬೈಟ್ ದತ್ತಾಂಶವು, ಬೇರೆಡೆ ಪ್ರತಿ ಇಲ್ಲದ ಕಾರಣ, ನಾಶವಾಯಿತು. ಬೆಂಕಿ, ಪ್ರವಾಹ, ಭೂಕಂಪ ಹಾಗೂ ಯುದ್ಧದಿಂದ ದೂರವಿರುವ ತಾಣವೊಂದು ಬೇಕೆಂಬ ವಾದಕ್ಕೆ ಇಂತಹ ಘಟನೆಗಳೇ ಆಧಾರ.

2. ಈವರೆಗಿನ ಪ್ರಯೋಗಗಳು

ಅಮೆರಿಕದ ಲೋನ್‌ಸ್ಟಾರ್ ಡೇಟಾ ಹೋಲ್ಡಿಂಗ್ಸ್ ಎಂಬ ಖಾಸಗಿ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಒಡಿಸ್ಸಿಯಸ್ ನೌಕೆಯ ಮೂಲಕ ದತ್ತಾಂಶವನ್ನು ಕಳುಹಿಸಿ ಮರಳಿ ಪಡೆಯುವ ಪರೀಕ್ಷೆ ನಡೆಸಿತು. 2025ರಲ್ಲಿ ಅಥೀನಾ ನೌಕೆಯಲ್ಲಿ ಪುಸ್ತಕದಷ್ಟು ಗಾತ್ರದ, 8 ಟೆರಾಬೈಟ್ ಸಾಮರ್ಥ್ಯದ ಸಾಧನವನ್ನು ಕಳುಹಿಸಿತು. ಫ್ಲೋರಿಡಾ ರಾಜ್ಯ ಹಾಗೂ ಐಲ್ ಆಫ್ ಮ್ಯಾನ್ ಸರ್ಕಾರವು ಇದರ ಗ್ರಾಹಕರಲ್ಲಿ ಸೇರಿದ್ದವು. ಪ್ರಯಾಣದ ಅವಧಿಯಲ್ಲಿ ನಡೆಸಿದ ಪರೀಕ್ಷೆಗಳು ಯಶಸ್ವಿಯಾದವು ಎಂದು ಸಂಸ್ಥೆಯು ತಿಳಿಸಿತು. ಆದರೆ ಮಾರ್ಚ್ 6ರಂದು ದಕ್ಷಿಣ ಧ್ರುವದ ಸಮೀಪ ಇಳಿದ ನೌಕೆಯು ಕುಳಿಯೊಂದರಲ್ಲಿ ಮಗ್ಗುಲಾಗಿ ಉರುಳಿತು. ಬ್ಯಾಟರಿಗಳಿಗೆ ಮರುಪೂರಣವಾಗದೆ ಮರುದಿನವೇ ಕಾರ್ಯಾಚರಣೆ ಮುಕ್ತಾಯವಾಯಿತು. ದತ್ತಾಂಶವನ್ನು ಅಲ್ಲಿಗೆ ಒಯ್ಯಬಹುದೆಂಬುದು ಇದರಿಂದ ಸಾಬೀತಾಗಿದೆ. ಅಲ್ಲಿ ಅದನ್ನು ಉಳಿಸಿಕೊಳ್ಳಬಹುದೆಂಬುದು ಸಾಬೀತಾಗಿಲ್ಲ.

3. ವಿದ್ಯುತ್ ಪೂರೈಕೆ

ಚಂದ್ರನಲ್ಲಿ ಒಂದು ರಾತ್ರಿಯು ಭೂಮಿಯ ಸುಮಾರು 14 ದಿನಗಳಿಗಿಂತ ಹೆಚ್ಚು ಕಾಲ ಇರುತ್ತದೆ. 2023ರ ಆಗಸ್ಟ್ 23ರಂದು ಯಶಸ್ವಿಯಾಗಿ ಇಳಿದ ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಒಂದು ಚಾಂದ್ರ ಹಗಲಿಗಾಗಿ ರೂಪಿಸಲಾದವು. ತಮ್ಮ ಕಾರ್ಯವನ್ನು ಪೂರೈಸಿ ನಿದ್ರಾಸ್ಥಿತಿಗೆ ಸೇರಿದ ಅವುಗಳಿಂದ ರಾತ್ರಿಯ ನಂತರ ಸಂಕೇತ ಬರಲಿಲ್ಲ.

ಕೇವಲ 1 ಮೆಗಾವ್ಯಾಟ್ ಸಾಮರ್ಥ್ಯದ ಸಣ್ಣ ಕೇಂದ್ರವನ್ನು ಪರಿಗಣಿಸೋಣ. ಒಂದು ರಾತ್ರಿಗೆ ಬೇಕಾಗುವ ವಿದ್ಯುತ್ ಸುಮಾರು 3.5 ಲಕ್ಷ ಯೂನಿಟ್. ಪ್ರತಿ ಕಿಲೋಗ್ರಾಂ ಬ್ಯಾಟರಿಯಲ್ಲಿ 200 ವ್ಯಾಟ್-ಗಂಟೆ ಸಂಗ್ರಹಿಸಬಹುದೆಂದು ಭಾವಿಸಿದರೂ 1,700 ಟನ್ನಿಗೂ ಹೆಚ್ಚು ಬ್ಯಾಟರಿ ಬೇಕು. ಇದು 1,752 ಕಿಲೋಗ್ರಾಂ ತೂಕದ ವಿಕ್ರಮ್‌ನಂತಹ ಸುಮಾರು ಸಾವಿರ ನೌಕೆಗಳ ಒಟ್ಟು ತೂಕಕ್ಕೆ ಸಮ.

ಧ್ರುವ ಪ್ರದೇಶದ ಕೆಲವು ಏರುಗಳಲ್ಲಿ ವರ್ಷದ ಬಹುಭಾಗ ಬಿಸಿಲಿರುವುದರಿಂದ ಬ್ಯಾಟರಿಯ ಅಗತ್ಯ ಬಹಳಷ್ಟು ತಗ್ಗುತ್ತದೆ. ಆದರೆ ಅಂತಹ ಸ್ಥಳಗಳು ವಿರಳ. ಪರಮಾಣು ವಿದ್ಯುತ್ತು ಮತ್ತೊಂದು ಮಾರ್ಗ. 2030ರ ವೇಳೆಗೆ 100 ಕಿಲೋವ್ಯಾಟ್ ಸಾಮರ್ಥ್ಯದ ಸ್ಥಾವರವನ್ನು ಉಡಾವಣೆಗೆ ಸಿದ್ಧಪಡಿಸುವ ಗುರಿಯನ್ನು ನಾಸಾ 2025ರಲ್ಲಿ ಪ್ರಕಟಿಸಿತು. ಇದು ಮೇಲೆ ಹೇಳಿದ ಸಣ್ಣ ಕೇಂದ್ರದ ಅಗತ್ಯದ ಹತ್ತನೆಯ ಒಂದು ಭಾಗ ಮಾತ್ರ.

4. ಶಾಖ ನಿವಾರಣೆ

ಚಂದ್ರನಲ್ಲಿ ಚಳಿಯಿರುವುದರಿಂದ ಯಂತ್ರಗಳು ತಾನಾಗಿಯೇ ತಣ್ಣಗಾಗುತ್ತವೆ ಎಂಬ ಅಭಿಪ್ರಾಯ ಸರಿಯಲ್ಲ. ಗಾಳಿಯಿಲ್ಲದ ಕಡೆ ಫ್ಯಾನುಗಳಿಂದ ಪ್ರಯೋಜನವಿಲ್ಲ. ಶಾಖವು ಮುಖ್ಯವಾಗಿ ವಿಕಿರಣದ ರೂಪದಲ್ಲಿಯೇ ಹೊರಹೋಗಬೇಕು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಚದರ ಮೀಟರ್ ಫಲಕವು ಒಂದು ಮುಖದಿಂದ ಹೆಚ್ಚೆಂದರೆ ಸುಮಾರು 460 ವ್ಯಾಟ್ ಶಾಖವನ್ನು ಹೊರಸೂಸುತ್ತದೆ. ಆದ್ದರಿಂದ 1 ಮೆಗಾವ್ಯಾಟ್‌ಗೆ ಅಂದಾಜು 22 ಗುಂಟೆ ವಿಸ್ತೀರ್ಣದ ಫಲಕ ಬೇಕು. ಸಮಭಾಜಕ ಪ್ರದೇಶದಲ್ಲಿ ಹಗಲಿನ ಉಷ್ಣತೆ ಸುಮಾರು 120 ಡಿಗ್ರಿಗೆ ಏರುವುದರಿಂದ, ಬಿಸಿಯಾದ ನೆಲದ ಶಾಖದಿಂದ ಫಲಕವನ್ನು ಮರೆಮಾಡುವುದೂ ಅಗತ್ಯ.

ಭೂಗತ ಲಾವಾ ಸುರಂಗಗಳು ಇದಕ್ಕೆ ಪರಿಹಾರವೆಂದು ಸೂಚಿಸಲಾಗಿದೆ. ಪ್ರಶಾಂತ ಸಾಗರವೆಂಬ ಬಯಲಿನ ಒಂದು ಗುಂಡಿಯ ನೆರಳಿನಲ್ಲಿ ಉಷ್ಣತೆಯು ಸುಮಾರು 17 ಡಿಗ್ರಿಯಷ್ಟು ಸ್ಥಿರವಾಗಿರುವುದಾಗಿ 2022ರಲ್ಲಿ ವರದಿಯಾಗಿದೆ. ಸುರಂಗವು ವಿಶ್ವಕಿರಣಗಳಿಂದ ರಕ್ಷಣೆ ನೀಡಬಲ್ಲುದಾದರೂ ಯಂತ್ರಗಳ ಶಾಖವನ್ನು ಅಲ್ಲಿಂದ ಮೇಲಕ್ಕೆ ತಂದು ಹೊರಹಾಕಲೇಬೇಕು.

5. ದೂರ ಮತ್ತು ಸಂಪರ್ಕ

ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್. ಬೆಳಕಿನ ವೇಗದಲ್ಲಿಯೂ ಸಂಕೇತವು ಹೋಗಿ ಬರಲು 2.5 ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಒಂದು ಪ್ರಮಾಣ ಪತ್ರವನ್ನು ನೀಡುವಾಗ ಗಣಕಯಂತ್ರಗಳ ನಡುವೆ ಹತ್ತಾರು ಬಾರಿ ಪ್ರಶ್ನೋತ್ತರ ನಡೆಯುವುದರಿಂದ ಈ ವಿಳಂಬ ಗುಣಿಸುತ್ತದೆ.

ಸಂಪರ್ಕದ ಸಾಮರ್ಥ್ಯವೂ ಮುಖ್ಯ. 2013ರಲ್ಲಿ ನಾಸಾ ಚಂದ್ರನ ಕಕ್ಷೆಯಿಂದ ಭೂಮಿಗೆ ಲೇಸರ್ ಮೂಲಕ ಸೆಕೆಂಡಿಗೆ 622 ಮೆಗಾಬಿಟ್ ಹಾಗೂ ಭೂಮಿಯಿಂದ ಅಲ್ಲಿಗೆ 20 ಮೆಗಾಬಿಟ್ ವೇಗವನ್ನು ಸಾಧಿಸಿತು. ಇದೇ ವೇಗದಲ್ಲಿ ಕೊರಿಯಾದ 858 ಟೆರಾಬೈಟ್ ದತ್ತಾಂಶವನ್ನು ಅಲ್ಲಿಗೆ ರವಾನಿಸಲು 10 ವರ್ಷಕ್ಕೂ ಹೆಚ್ಚು, ಮರಳಿ ತರಲು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಅಷ್ಟು ಕಾಲ ನಾಗರಿಕರನ್ನು ಕಾಯಿಸಲಾಗದು.

6. ದುರಸ್ತಿ ಮತ್ತು ಕಾನೂನು

ಭೂಮಿಯ ಕೇಂದ್ರಗಳಲ್ಲಿ ಕೆಟ್ಟ ಡಿಸ್ಕನ್ನು ಸಿಬ್ಬಂದಿ ಅಂದೇ ಬದಲಿಸಬಹುದು. ಚಂದ್ರನಲ್ಲಿ ಅದಕ್ಕೆ ಹೊಸ ಉಡಾವಣೆಯೇ ಬೇಕು. ವಾತಾವರಣ ಹಾಗೂ ವ್ಯಾಪಕ ಕಾಂತಕ್ಷೇತ್ರದ ರಕ್ಷಣೆಯಿಲ್ಲದ ಕಾರಣ ವಿಶ್ವಕಿರಣಗಳು ನೆನಪುಕೋಶದ ಅಂಕಿಗಳನ್ನೇ ಬದಲಿಸಬಲ್ಲವು. ಹರಿತವಾದ ಧೂಳು ಎಲ್ಲಕ್ಕೂ ಅಂಟಿಕೊಳ್ಳುತ್ತದೆ.

1967ರ ಬಾಹ್ಯಾಕಾಶ ಒಪ್ಪಂದದಂತೆ ಚಂದ್ರನ ಮೇಲೆ ಯಾವ ರಾಷ್ಟ್ರವೂ ಸಾರ್ವಭೌಮತ್ವ ಸಾಧಿಸುವಂತಿಲ್ಲ. ಆದರೆ ಅಲ್ಲಿರುವ ಸಾಧನದ ಮೇಲಿನ ಅಧಿಕಾರ ವ್ಯಾಪ್ತಿಯು ಅದನ್ನು ನೋಂದಾಯಿಸಿದ ರಾಷ್ಟ್ರಕ್ಕೆ ಸೇರಿರುತ್ತದೆ. ಆದುದರಿಂದ ಅನ್ಯ ರಾಷ್ಟ್ರದ ಸಾಧನದಲ್ಲಿ ಇರಿಸಿದ ದಾಖಲೆಯು ಆ ರಾಷ್ಟ್ರದ ಅಧಿಕಾರ ವ್ಯಾಪ್ತಿಯ ಪ್ರಶ್ನೆಗೆ ಒಳಪಡುತ್ತದೆ. ವೈಯಕ್ತಿಕ ದತ್ತಾಂಶವನ್ನು ಭಾರತದ ಹೊರಗೆ ವರ್ಗಾಯಿಸುವುದನ್ನು ಅಧಿಸೂಚನೆಯ ಮೂಲಕ ನಿರ್ಬಂಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಕೇಂದ್ರ ಸರ್ಕಾರಕ್ಕೆ ಅವಕಾಶ ಕಲ್ಪಿಸಲಾಗಿದೆ.

7. ಸಾರಾಂಶ

ಪದೇ ಪದೇ ಬದಲಾಗದ, ಅಪರೂಪಕ್ಕೆ ಬೇಕಾಗುವ ಅಲ್ಪ ಪ್ರಮಾಣದ ದಾಖಲೆಗಳ ಹೆಚ್ಚುವರಿ ಪ್ರತಿಯನ್ನು ಚಂದ್ರನಲ್ಲಿ ಇರಿಸುವುದು ತಾಂತ್ರಿಕವಾಗಿ ಸಾಧ್ಯವಾಗಬಹುದು. ದಿನನಿತ್ಯದ ಸೇವೆಗಳನ್ನು ಅಲ್ಲಿಂದ ನೀಡುವುದು ಸದ್ಯದ ತಂತ್ರಜ್ಞಾನದಲ್ಲಿ ಕಾರ್ಯಸಾಧ್ಯವಲ್ಲ. ಕೊರಿಯಾದ ದುರಂತದ ಪಾಠವೂ ಬೇರೆಯೇ ಆಗಿದೆ: ಅಲ್ಲಿ ಕೊರತೆಯಾದದ್ದು ದೂರದ ತಾಣವಲ್ಲ, ಎರಡನೆಯ ಪ್ರತಿ. ಎಸ್ಟೋನಿಯಾ ದೇಶವು 2017ರ ಒಪ್ಪಂದದಂತೆ ತನ್ನ ಮಹತ್ವದ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್‌ನಲ್ಲಿ, ತನ್ನದೇ ಅಧಿಕಾರ ವ್ಯಾಪ್ತಿಗೆ ಒಳಪಟ್ಟಂತೆ ಇರಿಸಿದೆ. ಇದಕ್ಕೆ ರಾಕೆಟ್ ಬೇಕಾಗಲಿಲ್ಲ.

ನಾಗರಿಕರ ಗಮನಕ್ಕೆ

- ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿ ಪತ್ರ ಹಾಗೂ ಅರ್ಜಿ ಸಂಖ್ಯೆಯನ್ನು ಸೇವೆ ದೊರೆಯುವವರೆಗೆ ಕಾಯ್ದಿರಿಸಿಕೊಳ್ಳುವುದು.
- ಪಡೆದ ಪ್ರಮಾಣ ಪತ್ರದ ಒಂದು ಮುದ್ರಿತ ಪ್ರತಿ ಹಾಗೂ ಒಂದು ಡಿಜಿಟಲ್ ಪ್ರತಿಯನ್ನು ಪ್ರತ್ಯೇಕ ಸ್ಥಳಗಳಲ್ಲಿ ಇರಿಸಿಕೊಳ್ಳುವುದು. ಲಭ್ಯವಿರುವ ದಾಖಲೆಗಳಿಗೆ ಡಿಜಿಲಾಕರ್ ಸೌಲಭ್ಯವನ್ನು ಬಳಸಬಹುದಾಗಿದೆ.
- ಹೆಸರು, ಸರ್ವೆ ನಂಬರ್ ಮತ್ತು ದಿನಾಂಕಗಳನ್ನು ಪ್ರಮಾಣ ಪತ್ರ ಪಡೆದ ಕೂಡಲೇ ಪರಿಶೀಲಿಸುವುದು. ತಪ್ಪಾಗಿ ದಾಖಲಾದ ವಿವರವು ಎಷ್ಟೇ ಸುರಕ್ಷಿತ ಸ್ಥಳದಲ್ಲಿದ್ದರೂ ತಪ್ಪಾಗಿಯೇ ಉಳಿಯುತ್ತದೆ.

ಈ ಲೇಖನವು ಸಾರ್ವಜನಿಕ ಮಾಹಿತಿಗಾಗಿ ಮಾತ್ರ.